ಹೆಸರು ಮುಚ್ಚಿಟ್ಟು ಬರೆದ ನಟ ರೋನಿ ಬಾರ್ಕರ್

ಪ್ರಶ್ನೆ: ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದೇನೆ. ಇಲ್ಲಿನ ನಮ್ಮ ಕನ್ನಡ ಬಳಗದ ಯುಗಾದಿ, ರಾಜ್ಯೋತ್ಸವಕ್ಕೆ ಹತ್ತು ನಿಮಿಷದ ಹಾಸ್ಯ ಸ್ಕಿಟ್ ಬರೆದು ಆಡಿಸುತ್ತೇನೆ. ಆಫೀಸಿನಲ್ಲಿ ಯಾರಾದರೂ ‘ಫೋರ್ ಕ್ಯಾಂಡಲ್ಸ್’ ಅಂದರೆ ಸಾಕು, ಐವತ್ತು ದಾಟಿದವರೆಲ್ಲ ನಗಲು ಶುರು ಮಾಡುತ್ತಾರೆ. ಹುಡುಕಿದಾಗ ರೋನಿ ಬಾರ್ಕರ್ ಹೆಸರು ಸಿಕ್ಕಿತು. ಅವರು ನಟರಾ, ಬರಹಗಾರರಾ? ಬೇರೆ ಹೆಸರಿನಲ್ಲಿ ಗುಟ್ಟಾಗಿ ಬರೆಯುತ್ತಿದ್ದರು ಅನ್ನೋದು ನಿಜವಾ? ಅಷ್ಟು ಹೆಸರಿದ್ದಾಗ ಯಾಕೆ ಎಲ್ಲ ಬಿಟ್ಟುಬಿಟ್ಟರು? ನಮ್ಮಂಥ ಬರೆಯುವವರು ಅವರಿಂದ ಕಲಿಯೋದು ಏನಾದರೂ ಇದೆಯಾ?

ಉತ್ತರ: ನಟರೂ ಹೌದು, ಬರಹಗಾರರೂ ಹೌದು. ಆದರೆ ಬಾರ್ಕರ್ ಮೊದಲು ನಟ. ಬರವಣಿಗೆ ಆಮೇಲೆ ಬಂತು. ಇಪ್ಪತ್ತು ವರ್ಷ ಬೇರೆಯವರ ಮಾತನ್ನು ಬಾಯಿಪಾಠ ಮಾಡಿ, ಯಾವ ಮಾತಿಗೆ ಜನ ನಗುತ್ತಾರೆ, ಯಾವುದಕ್ಕೆ ಕೆಮ್ಮುತ್ತಾರೆ ಅಂತ ಕಿವಿಯಿಂದ ಕಲಿತ ಮೇಲೆ ಬರೆದವರು ಅವರು. ಆ ಕಿವಿ ಅವರ ಪ್ರತಿ ಸ್ಕಿಟ್‌ನಲ್ಲೂ ಕೇಳಿಸುತ್ತದೆ. ಗುಟ್ಟಾಗಿ ಬರೆದದ್ದೂ ನಿಜ. ಆ ಕಥೆ ಬಹಳ ಸೊಗಸಾಗಿದೆ, ಸ್ವಲ್ಪ ತಾಳಿ.

ಅವರು ಹುಟ್ಟಿದ್ದು 1929ರ ಸೆಪ್ಟೆಂಬರ್ 25ರಂದು, ಬೆಡ್‌ಫರ್ಡ್‌ನಲ್ಲಿ. ಬೆಳೆದದ್ದು ಆಕ್ಸ್‌ಫರ್ಡ್‌ನಲ್ಲಿ. ಆಕ್ಸ್‌ಫರ್ಡ್ ಅಂದ ಕೂಡಲೇ ವಿಶ್ವವಿದ್ಯಾಲಯ ನೆನಪಾಗುತ್ತದೆ. ಇವರಿಗೂ ಅದಕ್ಕೂ ಸಂಬಂಧವಿಲ್ಲ. ತಂದೆ ಎಣ್ಣೆ ಕಂಪನಿಯಲ್ಲಿ ಗುಮಾಸ್ತ. ಮಗ ಕಟ್ಟಡ ವಿನ್ಯಾಸ ಓದಲು ಸೇರಿ ಕೆಲವೇ ತಿಂಗಳಲ್ಲಿ ಬಿಟ್ಟರು. ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ. ಸಂಜೆ ಹೊತ್ತು ಹವ್ಯಾಸಿ ನಾಟಕ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವರ ಪೀಳಿಗೆಯ ಸುತ್ತಮುತ್ತ ಬ್ರಿಟಿಷ್ ಹಾಸ್ಯಕ್ಕೆ ಬಂದ ಅನೇಕರು ಕೇಂಬ್ರಿಡ್ಜ್, ಆಕ್ಸ್‌ಫರ್ಡ್‌ನ ವಿದ್ಯಾರ್ಥಿ ರಂಗದಿಂದ ನೇರವಾಗಿ ಟಿವಿಗೆ ಹಾರಿದವರು. ಬಾರ್ಕರ್ ಬಂದ ದಾರಿ ಬೇರೆ. 1948ರ ನವೆಂಬರ್‌ನಲ್ಲಿ ಆಯ್ಲ್ಸ್‌ಬರಿ ಎಂಬ ಊರಿನಲ್ಲಿ, ರೆಪರ್ಟರಿ ತಂಡವೊಂದರಲ್ಲಿ ಸಂಬಳಕ್ಕೆ ಸೇರಿದರು. ಆಗ ಅವರಿಗೆ 19 ವರ್ಷ.

ಈ ರೆಪರ್ಟರಿ ಅನ್ನೋದು ಅರ್ಥವಾಗಬೇಕು, ಯಾಕೆಂದರೆ ಬಾರ್ಕರ್‌ರನ್ನು ಕಟ್ಟಿದ್ದು ಅದೇ. ನಮ್ಮ ಕಂಪನಿ ನಾಟಕದಲ್ಲಿ ತಂಡ ಊರೂರು ತಿರುಗುತ್ತದೆ. ಒಂದೂರಿನಲ್ಲಿ ಮೊಕ್ಕಾಂ ಹೂಡಿ, ಓಡುವ ನಾಟಕವಾದರೆ ಅದನ್ನೇ ತಿಂಗಳುಗಟ್ಟಲೆ ಆಡುತ್ತದೆ. ಅಲ್ಲಿ ತಿರುಗುಮುರುಗು. ತಂಡ ಒಂದೂರಿನಲ್ಲೇ ಇರುತ್ತದೆ, ನಾಟಕ ಬದಲಾಗುತ್ತದೆ. ಸಣ್ಣ ಊರುಗಳಲ್ಲಿ ವಾರಕ್ಕೊಂದು ಹೊಸ ನಾಟಕ. ಹಗಲು ಮುಂದಿನ ವಾರದ್ದರ ತಾಲೀಮು, ರಾತ್ರಿ ಈ ವಾರದ್ದರ ಪ್ರಯೋಗ. ಒಂದು ವಾರ ಪೊಲೀಸ್, ಮುಂದಿನ ವಾರ ಪಾದ್ರಿ, ಅದರ ಮುಂದಿನ ವಾರ ಕಿವಿ ಕೇಳದ ಮುದುಕ. ಯೋಚನೆ ಮಾಡುತ್ತ ಕೂರಲು ಹೊತ್ತಿಲ್ಲ. ಬಾರ್ಕರ್ ಹೀಗೆ ಹಲವು ಊರುಗಳ ತಂಡಗಳಲ್ಲಿ ದುಡಿದು, 1950ರ ದಶಕದ ಶುರುವಿನಲ್ಲಿ ಆಕ್ಸ್‌ಫರ್ಡ್ ಪ್ಲೇಹೌಸ್ ಸೇರಿದರು. 1955ರಲ್ಲಿ ನಿರ್ದೇಶಕ ಪೀಟರ್ ಹಾಲ್ ಅವರನ್ನು ಲಂಡನ್ ರಂಗಭೂಮಿಗೆ ಕರೆತಂದರು. 1959ರಿಂದ ಬಿಬಿಸಿ ರೇಡಿಯೊದಲ್ಲಿ ‘ದಿ ನೇವಿ ಲಾರ್ಕ್’ ಎಂಬ ಹಾಸ್ಯ ಸರಣಿ. ಅಲ್ಲಿ ಒಬ್ಬರೇ ಹಲವು ದನಿಗಳಲ್ಲಿ ಮಾತಾಡುತ್ತಿದ್ದರು. ರೇಡಿಯೊದಲ್ಲಿ ಮುಖವಿಲ್ಲ, ಮೀಸೆಯಿಲ್ಲ. ಪಾತ್ರ ಬದಲಾಗಿದೆ ಅಂತ ಗೊತ್ತಾಗಬೇಕಾದರೆ ಉಸಿರು ತೆಗೆದುಕೊಳ್ಳುವ ರೀತಿಯೇ ಬದಲಾಗಬೇಕು.

ಟಿವಿಯಲ್ಲಿ ಜನ ಅವರನ್ನು ಗುರುತಿಸಿದ್ದು 1966ರಲ್ಲಿ, ‘ದಿ ಫ್ರಾಸ್ಟ್ ರಿಪೋರ್ಟ್’ ಕಾರ್ಯಕ್ರಮದಿಂದ. ಡೇವಿಡ್ ಫ್ರಾಸ್ಟ್ ನಡೆಸುತ್ತಿದ್ದ ಆ ಕಾರ್ಯಕ್ರಮದ ಒಂದು ಸ್ಕಿಟ್ ಇವತ್ತಿಗೂ ಓಡುತ್ತಿದೆ. ಮೂವರು ಸಾಲಾಗಿ ನಿಂತಿದ್ದಾರೆ. ಆರೂವರೆ ಅಡಿ ಹತ್ತಿರದ ಜಾನ್ ಕ್ಲೀಸ್ ಮೇಲ್ವರ್ಗ, ನಡುವೆ ಬಾರ್ಕರ್ ಮಧ್ಯಮ ವರ್ಗ, ಐದಡಿ ಆಸುಪಾಸಿನ ರೋನಿ ಕಾರ್ಬೆಟ್ ಕೆಳವರ್ಗ. ಒಬ್ಬೊಬ್ಬರೂ ತಮ್ಮ ಮೇಲಿನವರನ್ನು ಕತ್ತೆತ್ತಿ ನೋಡಿ, ಕೆಳಗಿನವರನ್ನು ಕತ್ತು ಬಗ್ಗಿಸಿ ನೋಡಿ ತಮ್ಮ ಸ್ಥಾನ ಹೇಳುತ್ತಾರೆ. ಬರೆದವರು ಮಾರ್ಟಿ ಫೆಲ್ಡ್‌ಮನ್ ಮತ್ತು ಜಾನ್ ಲಾ. ಬ್ರಿಟನ್ನಿನ ವರ್ಗಭೇದದ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕವಾಗಿ ಬೇರೆ ಯಾರೂ ಹೇಳಿಲ್ಲ ಅಂತ ನನ್ನ ಅಭಿಪ್ರಾಯ. ನಡುವಿನ ಬಾರ್ಕರ್ ಅವರನ್ನು ಗಮನಿಸಿ. ಎರಡೂ ಕಡೆ ನೋಡಬೇಕಾದವರು ಅವರೊಬ್ಬರೇ. ಮೇಲೆ ನೋಡುವಾಗ ಮುಖದಲ್ಲಿ ಒಂದು ವಿನಯ, ಕೆಳಗೆ ನೋಡುವಾಗ ಒಂದು ಸಣ್ಣ ತೃಪ್ತಿ. ಕತ್ತು ಮಾತ್ರ ತಿರುಗುತ್ತದೆ, ಇನ್ನೇನೂ ಇಲ್ಲ.

ಈಗ ಗುಟ್ಟಿನ ಕಥೆಗೆ ಬರೋಣ.

1968ರಲ್ಲಿ ಫ್ರಾಸ್ಟ್ ಬಳಗ ‘ಫ್ರಾಸ್ಟ್ ಆನ್ ಸಂಡೇ’ ಎಂಬ ಹೊಸ ಕಾರ್ಯಕ್ರಮ ಶುರು ಮಾಡಿತು. ಬಾರ್ಕರ್, ಕಾರ್ಬೆಟ್ ಇಬ್ಬರೂ ಅದರ ಮುಖ್ಯ ನಟರು. ಬಾರ್ಕರ್‌ಗೆ ಬರೆಯಬೇಕು ಅನ್ನೋ ಆಸೆ. ಆದರೆ ಒಂದು ತೊಡಕು. ಕಾರ್ಯಕ್ರಮದ ತಾರೆಯೇ ಸ್ಕ್ರಿಪ್ಟ್ ತಂದುಕೊಟ್ಟರೆ ಬೇಡ ಅನ್ನುವವರು ಯಾರು? ಚೆನ್ನಾಗಿಲ್ಲದಿದ್ದರೂ ‘ಚೆನ್ನಾಗಿದೆ ಸಾರ್’ ಅನ್ನುತ್ತಾರೆ ಅಲ್ವಾ? ಹಾಗಾಗಿ ತಮ್ಮ ಏಜೆಂಟ್ ಪೀಟರ್ ಈಡ್ ಮೂಲಕ ‘ಜೆರಾಲ್ಡ್ ವೈಲಿ’ ಎಂಬ ಹೆಸರಿನಲ್ಲಿ ಸ್ಕ್ರಿಪ್ಟ್ ಕಳಿಸಿದರು. ಏಜೆಂಟರ ಪರಿಚಯದ ಯಾರೋ ಬರೆಯುವವರು ಅಂತ ಎಲ್ಲರೂ ನಂಬಿದರು. ಸ್ಕ್ರಿಪ್ಟ್‌ಗಳು ಆಯ್ಕೆಯಾದವು, ಜನ ನಕ್ಕರು, ಇನ್ನೂ ಕೇಳಿದರು.

ನಮ್ಮಲ್ಲೂ ಕಾವ್ಯನಾಮ ಉಂಟು. ಆದರೆ ನಮ್ಮಲ್ಲಿ ಅದು ಯಾರದ್ದು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಬಾರ್ಕರ್ ಮಾಡಿದ್ದು ಪೂರ್ತಿ ಮರೆಮಾಚುವ ಕೆಲಸ. ತಂಡದಲ್ಲಿ ಗುಸುಗುಸು ಶುರುವಾಯಿತು. ಈ ವೈಲಿ ಯಾರು? ಟಾಮ್ ಸ್ಟೊಪಾರ್ಡ್ ಇರಬಹುದು ಅಂದರು ಕೆಲವರು. ಫ್ರಾಂಕ್ ಮ್ಯೂರ್ ಅಂದರು ಕೆಲವರು. ನೋಯೆಲ್ ಕವರ್ಡ್ ಹೆಸರೂ ಬಂತು. ಎಲ್ಲರೂ ದೊಡ್ಡ ನಾಟಕಕಾರರು, ಹಾಸ್ಯ ಬರಹಗಾರರು. ಬಾರ್ಕರ್ ಸುಮ್ನೆ ಕೇಳಿಸಿಕೊಂಡಿದ್ದರು. ಅನುಮಾನ ಬರಬಾರದು ಅಂತ ತಾಲೀಮಿನಲ್ಲಿ ವೈಲಿಯ ಕೆಲವು ಸ್ಕಿಟ್‌ಗಳನ್ನು ತಾವೇ ಟೀಕಿಸುತ್ತಿದ್ದರು ಕೂಡ.

ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತ ಕೂತವರ ಬಗ್ಗೆ ವೈಲಿ ಬರೆದ ಸ್ಕಿಟ್ ಕಾರ್ಬೆಟ್‌ಗೆ ತುಂಬ ಹಿಡಿಸಿತು. ಅದರ ಹಕ್ಕು ಕೊಂಡುಕೊಳ್ಳಬೇಕು ಅಂತ ಏಜೆಂಟರನ್ನು ಕೇಳಿದರು. ವೈಲಿ ಕಡೆಯಿಂದ 3,000 ಪೌಂಡ್ ಅಂತ ಉತ್ತರ ಬಂತು. ಆ ಕಾಲಕ್ಕೆ ದೊಡ್ಡ ಮೊತ್ತ. ಕಾರ್ಬೆಟ್ ಜಾಸ್ತಿಯಾಯಿತು ಅಂದರು. ಆಮೇಲೆ ವೈಲಿ ಸುಮ್ನೆ ಬಿಟ್ಟುಕೊಟ್ಟರು, ಬಿಡಿಗಾಸೂ ತೆಗೆದುಕೊಳ್ಳಲಿಲ್ಲ. ದಿನಾ ಪಕ್ಕದಲ್ಲಿ ನಿಂತು ತಾಲೀಮು ಮಾಡುವ ಗೆಳೆಯನ ಜೊತೆ ವ್ಯಾಪಾರ ನಡೆಯುತ್ತಿದೆ ಅಂತ ಕಾರ್ಬೆಟ್‌ಗೆ ಗೊತ್ತೇ ಇರಲಿಲ್ಲ.

ಎರಡನೆಯ ಸರಣಿ ಮುಗಿದ ಮೇಲೆ, ವೈಲಿ ಎಲ್ಲರನ್ನೂ ಭೇಟಿಯಾಗುತ್ತಾರಂತೆ ಅಂತ ಸುದ್ದಿ ಹಬ್ಬಿತು. ಸ್ಟುಡಿಯೊ ಎದುರಿನ ಚೈನೀಸ್ ಹೋಟೆಲಿನಲ್ಲಿ ಊಟ. ತಂಡದವರೆಲ್ಲ ಬಂದರು. ಬಾಗಿಲ ಕಡೆಯೇ ಎಲ್ಲರ ಕಣ್ಣು. ಆಗ ಬಾರ್ಕರ್ ‘ವೈಲಿ ನಾನೇ’ ಅಂದರು. ಮೊದಲಿಗೆ ಒಬ್ಬರೂ ನಂಬಲಿಲ್ಲ.

ಈ ಪ್ರಸಂಗವನ್ನು ಬ್ರಿಟನ್ನಿನಲ್ಲಿ ತಮಾಷೆಯ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಬಾರ್ಕರ್ ಅವರ ಇಡೀ ವೃತ್ತಿಗೆ ಕೀಲಿಕೈ ಅನಿಸುತ್ತದೆ. ತಾವು ಮುಂದೆ ನಿಲ್ಲದೆ, ಮಾಡಿದ ಕೆಲಸವೇ ಮುಂದೆ ನಿಲ್ಲಬೇಕು ಅನ್ನೋದು ಅವರ ಹಟ. ನಟನೆಯಲ್ಲೂ ಅಷ್ಟೇ. ವೇದಿಕೆಯ ಮೇಲೆ ‘ನಾನು ರೋನಿ ಬಾರ್ಕರ್, ನಮಸ್ಕಾರ’ ಅಂತ ತಾವಾಗಿ ನಿಂತು ಮಾತಾಡುವುದೆಂದರೆ ಅವರಿಗೆ ಕಸಿವಿಸಿ. ಒಂದು ಟೊಪ್ಪಿ, ಒಂದು ಕನ್ನಡಕ, ಒಂದು ಬೇರೆ ದನಿ ಕೊಟ್ಟರೆ ಏನು ಬೇಕಾದರೂ ಮಾಡುತ್ತಿದ್ದರು.

ಇಬ್ಬರು ರೋನಿಗಳು ಜೋಡಿಯಾದದ್ದು ಆಕಸ್ಮಿಕ. 1970ರಲ್ಲಿ ಲಂಡನ್ ಪಲೇಡಿಯಂನಲ್ಲಿ ಒಂದು ಪ್ರಶಸ್ತಿ ಸಮಾರಂಭ. ನಡುವೆ ಏನೋ ತಾಂತ್ರಿಕ ತೊಂದರೆಯಾಗಿ ಎಲ್ಲ ನಿಂತುಹೋಯಿತು. ಬಾರ್ಕರ್, ಕಾರ್ಬೆಟ್ ಯಾವ ತಯಾರಿಯೂ ಇಲ್ಲದೆ ಹಲವು ನಿಮಿಷ ಸಭೆಯನ್ನು ನಗಿಸಿ ಹಿಡಿದಿಟ್ಟರು. ಸಭೆಯಲ್ಲಿ ಬಿಬಿಸಿಯ ಮನರಂಜನೆ ವಿಭಾಗದ ಮುಖ್ಯಸ್ಥ ಬಿಲ್ ಕಾಟನ್ ಕೂತಿದ್ದರು. 1971ರ ಏಪ್ರಿಲ್ 10ರಂದು ‘ದಿ ಟೂ ರೋನೀಸ್’ ಶುರುವಾಯಿತು. 1987ರ ಕ್ರಿಸ್‌ಮಸ್‌ವರೆಗೆ ಹನ್ನೆರಡು ಸರಣಿ ನಡೆಯಿತು. ಶನಿವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮ ಅದು, ಕೋಟಿಗಟ್ಟಲೆ ಜನ ನೋಡುತ್ತಿದ್ದರು. ಅದರ ಸ್ಕಿಟ್‌ಗಳಲ್ಲಿ ದೊಡ್ಡ ಪಾಲು ಜೆರಾಲ್ಡ್ ವೈಲಿ ಬರೆದದ್ದು. ಗುಟ್ಟು ರಟ್ಟಾದ ಮೇಲೂ ಬಾರ್ಕರ್ ಆ ಹೆಸರು ಬಿಡಲಿಲ್ಲ. ಬೇರೆ ಹೆಸರುಗಳಲ್ಲೂ ಬರೆದರು.

ನೀವು ಕೇಳಿದ ‘ಫೋರ್ ಕ್ಯಾಂಡಲ್ಸ್’ ವೈಲಿಯದ್ದೇ. 1976ರ ಸೆಪ್ಟೆಂಬರ್ 18ರಂದು ಪ್ರಸಾರವಾಯಿತು. ಬರೆಯುವವರಿಗೆ ಇದೊಂದು ಪಾಠಶಾಲೆ, ಆದ್ದರಿಂದ ಸ್ವಲ್ಪ ಹತ್ತಿರದಿಂದ ನೋಡೋಣ.

ಹಳೇ ಕಾಲದ ಹಾರ್ಡ್‌ವೇರ್ ಅಂಗಡಿ. ಅಂಗಡಿಯವರು ಕಾರ್ಬೆಟ್, ಗಿರಾಕಿ ಬಾರ್ಕರ್. ಗಿರಾಕಿ ‘ಫೋರ್ ಕ್ಯಾಂಡಲ್ಸ್’ ಅಂದ ಹಾಗೆ ಕೇಳಿಸುತ್ತದೆ. ಅಂಗಡಿಯವರು ನಾಲ್ಕು ಮೇಣದಬತ್ತಿ ತಂದು ಕೌಂಟರ್ ಮೇಲೆ ಇಡುತ್ತಾರೆ. ಗಿರಾಕಿಗೆ ಬೇಕಿದ್ದದ್ದು ‘ಫೋರ್ಕ್ ಹ್ಯಾಂಡಲ್ಸ್’, ಅಂದರೆ ತೋಟ ಅಗೆಯುವ ಕವಲು ಸಲಿಕೆಗೆ ಹಾಕುವ ಮರದ ಹಿಡಿ. ಇಂಗ್ಲೆಂಡಿನ ದುಡಿಯುವ ಜನರ ಮಾತಿನಲ್ಲಿ ‘ಹ’ ಬಿದ್ದುಹೋಗುತ್ತದೆ. ಹ್ಯಾಂಡಲ್ ‘ಆಂಡಲ್’ ಆಗುತ್ತದೆ. ಮಂಡ್ಯ, ಮೈಸೂರು ಕಡೆಯ ಹಳ್ಳಿ ಮಾತು ಕೇಳಿದ ನಮಗೆ ಇದು ಹೊಸದೇನಲ್ಲ. ಹಾಲು ‘ಆಲು’, ಹಾಸನ ‘ಆಸ್ನ’ ಆಗೋದನ್ನು ನಾವು ದಿನಾ ಕೇಳುತ್ತೇವೆ.

ಇಷ್ಟೇ ಆಗಿದ್ದರೆ ಅದು ಒಂದು ಪದದ ಚಮತ್ಕಾರ, ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಬಾರ್ಕರ್ ಅದನ್ನು ಬೆಳೆಸಿದ ರೀತಿ ನೋಡಿ. ಗಿರಾಕಿ ಮುಂದೆ ‘ಓಸ್’ ಕೇಳುತ್ತಾನೆ. ಅಂಗಡಿಯವರು ‘ಹೋ’ ಅಂದರೆ ಗುದ್ದಲಿ ತರುತ್ತಾರೆ. ಅದಲ್ಲ. ‘ಹೋಸ್’ ಅಂದರೆ ನೀರಿನ ಪೈಪ್ ತರುತ್ತಾರೆ. ಅದೂ ಅಲ್ಲ. ಮನೆಯ ಗೇಟಿಗೆ ಅಂಟಿಸುವ ‘ಓ’ ಅಕ್ಷರ ಬೇಕಂತೆ. ಅಕ್ಷರದ ಡಬ್ಬಿ ಇರೋದು ಮೇಲೆ. ಏಣಿ ಹತ್ತಿ ಇಳಿಸಿ, ಕೊಟ್ಟು, ಮತ್ತೆ ಹತ್ತಿ ಮೇಲಿಟ್ಟು ಬರುತ್ತಾರೆ. ಬಂದ ಕೂಡಲೇ ಗಿರಾಕಿ ‘ಪೀಸ್’ ಇದೆಯಾ ಅಂತಾನೆ. ಡಬ್ಬಿ ಕೆಳಗಿದ್ದಾಗಲೇ ಹೇಳಬಾರದಿತ್ತಾ ಅಂತ ಸಿಡುಕುತ್ತ ಮತ್ತೆ ಏಣಿ ಹತ್ತಿ ‘ಪಿ’ ಅಕ್ಷರ ತರುತ್ತಾರೆ. ಅವನಿಗೆ ಬೇಕಿದ್ದದ್ದು ಇನ್ನೊಂದು ‘ಪೀಸ್’, ಡಬ್ಬಿಯಲ್ಲಿ ಬರುವ ಬಟಾಣಿ!

ಇಲ್ಲಿ ಮೂರು ವಿಷಯ ಕಣ್ಣಿಗೆ ಬೀಳುತ್ತವೆ. ಒಂದು, ಪ್ರತಿ ತಪ್ಪಿಗೂ ಒಂದು ಮೈಬೆವರಿನ ಬೆಲೆ ಇದೆ. ಅಂಗಡಿಯವರು ನಡೆಯಬೇಕು, ಬಗ್ಗಬೇಕು, ಏಣಿ ಹತ್ತಬೇಕು. ಜನ ನಗುವುದು ಬರೀ ಪದಕ್ಕಲ್ಲ, ಆ ಮನುಷ್ಯನ ದಣಿವಿಗೆ. ಎರಡು, ನಿಯಮ ಗೊತ್ತಾಯಿತು ಅನ್ನುವಷ್ಟರಲ್ಲಿ ನಿಯಮ ಬದಲಾಗುತ್ತದೆ. ಸಾಮಾನು ಅಂದುಕೊಂಡದ್ದು ಅಕ್ಷರವಾಯಿತು, ಹಾಗಾದರೆ ಮುಂದಿನದೂ ಅಕ್ಷರವೇ ಇರಬೇಕು ಅಂತ ನಾವೂ ಅಂಗಡಿಯವರ ಜೊತೆ ನಂಬುತ್ತೇವೆ. ಬಟಾಣಿ ಬಂದಾಗ ನಾವೂ ಮೋಸ ಹೋಗಿರುತ್ತೇವೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಗಿರಾಕಿಯಾಗಿ ಬಾರ್ಕರ್ ಒಂದು ಕ್ಷಣವೂ ತಮಾಷೆ ಮಾಡುತ್ತಿಲ್ಲ. ಅವನಿಗೆ ಸಾಮಾನು ಬೇಕು, ಅಷ್ಟೇ. ಕೈಯಲ್ಲಿ ಚೀಟಿ ಇದೆ, ಮುಖದಲ್ಲಿ ಕೆಲಸ ಮುಗಿಸಿ ಹೋಗುವ ಅವಸರ. ಅಂಗಡಿಯವರು ಯಾಕೆ ಸಿಟ್ಟಾಗುತ್ತಿದ್ದಾರೆ ಅಂತಲೂ ಅವನಿಗೆ ಗೊತ್ತಾಗುತ್ತಿಲ್ಲ. ಇಬ್ಬರದ್ದೂ ತಪ್ಪಿಲ್ಲ, ಇಬ್ಬರೂ ಪ್ರಾಮಾಣಿಕರು. ಅದಕ್ಕೇ ನಗು ಬರುತ್ತದೆ.

ಇನ್ನೊಂದು ವಿಷಯ ಗಮನಿಸಿ. ಬರೆದವರು ಬಾರ್ಕರ್, ಆದರೆ ಜಾಸ್ತಿ ಕೆಲಸವಿರುವ, ಜಾಸ್ತಿ ನಗು ತರುವ ಪಾತ್ರವನ್ನು ಕೊಟ್ಟದ್ದು ಕಾರ್ಬೆಟ್‌ಗೆ. ತಾವು ನಿಂತಲ್ಲೇ ನಿಂತಿದ್ದಾರೆ. ತಾನೇ ಬರೆದು ತಾನೇ ಆಡುವವರು ಎಲ್ಲ ಒಳ್ಳೆಯ ಮಾತನ್ನೂ ತಮಗೇ ಇಟ್ಟುಕೊಳ್ಳುವುದನ್ನು ನಾನು ಎಷ್ಟೋ ತಂಡಗಳಲ್ಲಿ ನೋಡಿದ್ದೇನೆ. ಬಾರ್ಕರ್ ಹಾಗೆ ಮಾಡಲಿಲ್ಲ.

ಮಿಡ್ಲ್‌ಸೆಕ್ಸ್‌ನ ಹೇಯ್ಸ್ ಎಂಬಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವರು ತಮ್ಮಲ್ಲಿ ನಡೆದ ಇಂಥದ್ದೇ ಒಂದು ಗೊಂದಲವನ್ನು ಬರೆದು ತಿಳಿಸಿದ್ದರು. ಬೀಜ ಅಲ್ಲಿಂದ ಬಂತು. ಬಾರ್ಕರ್ ಕೈಬರಹದ ಆ ಸ್ಕ್ರಿಪ್ಟ್ 2007ರ ಹರಾಜಿನಲ್ಲಿ 48,500 ಪೌಂಡ್‌ಗೆ ಹೋಯಿತು.

ಇನ್ನು ನಟನೆ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ನಟನೆ ಇರೋದು ತಾವು ಬರೆಯದ ಕೃತಿಯಲ್ಲಿ. ಅದು ಜೈಲಿನ ಹಾಸ್ಯ ಸರಣಿ ‘ಪಾರಿಜ್’. 1973ರಲ್ಲಿ ಬಿಬಿಸಿ ಅವರಿಗೆ ‘ಸೆವೆನ್ ಆಫ್ ಒನ್’ ಎಂಬ ಸರಣಿ ಕೊಟ್ಟಿತು. ಏಳು ಬಿಡಿ ಕಥೆ, ಏಳರಲ್ಲೂ ಬಾರ್ಕರ್ ಬೇರೆ ಬೇರೆ ಪಾತ್ರ. ಯಾವುದು ಹಿಡಿಸುತ್ತದೋ ಅದನ್ನು ಸರಣಿ ಮಾಡುವ ಯೋಚನೆ. ಏಳರಲ್ಲಿ ಎರಡು ದೊಡ್ಡ ಸರಣಿಗಳಾಗಿ ಬೆಳೆದವು. ಒಂದು ಡಿಕ್ ಕ್ಲೆಮೆಂಟ್, ಇಯಾನ್ ಲಾ ಫ್ರೆನೆ ಬರೆದ ಕೈದಿಯ ಕಥೆ, ಇನ್ನೊಂದು ರಾಯ್ ಕ್ಲಾರ್ಕ್ ಬರೆದ ಅಂಗಡಿಯ ಕಥೆ.

‘ಪಾರಿಜ್’ ಆದದ್ದು ಕೈದಿಯ ಕಥೆ. ಬಾರ್ಕರ್ ಆಡಿದ ಕೈದಿ ಫ್ಲೆಚರ್‌ನನ್ನು ಇಬ್ಬರು ವಾರ್ಡರುಗಳು ಉತ್ತರದ ಸ್ಲೇಡ್ ಜೈಲಿಗೆ ಕರೆದೊಯ್ಯುತ್ತಿದ್ದಾರೆ. ದಾರಿಯಲ್ಲಿ ವ್ಯಾನ್ ಕೆಡುತ್ತದೆ, ಕೆಡಿಸಿದ್ದು ಅವನೇ. ಬಯಲಿನ ನಡುವೆ ಒಂದು ಒಂಟಿ ಮನೆಯಲ್ಲಿ ರಾತ್ರಿ ತಂಗುತ್ತಾರೆ. ಫ್ಲೆಚರ್ ತಪ್ಪಿಸಿಕೊಂಡು ಕತ್ತಲಲ್ಲಿ ಓಡುತ್ತಾನೆ, ಓಡುತ್ತಲೇ ಇರುತ್ತಾನೆ. ಕೊನೆಗೆ ಒಂದು ಮನೆ ಕಂಡು ಒಳಗೆ ನುಗ್ಗುತ್ತಾನೆ. ನೋಡಿದರೆ ಅದೇ ಮನೆ. ಜೈಲು ಸೇರುವ ಮೊದಲೇ ಅವನ ಬದುಕು ಏನು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

ಸರಣಿ 1974ರಿಂದ 1977ರವರೆಗೆ ನಡೆಯಿತು. ನಿಜವಾದ ಜೈಲಿನಲ್ಲಿ ಚಿತ್ರೀಕರಿಸಲು ಸರ್ಕಾರ ಬಿಡಲಿಲ್ಲ. ಈಲಿಂಗ್ ಸ್ಟುಡಿಯೊದ ಹಳೆಯ ನೀರಿನ ತೊಟ್ಟಿಯೊಳಗೆ ಜೈಲಿನ ಸೆಟ್ ಕಟ್ಟಿದರು. ಪ್ರತಿ ಕಂತಿನ ಶುರುವಿನಲ್ಲಿ ಬಾಗಿಲುಗಳು ಧಡಾರನೆ ಮುಚ್ಚುತ್ತವೆ, ನ್ಯಾಯಾಧೀಶರ ದನಿ ಐದು ವರ್ಷದ ಶಿಕ್ಷೆ ಓದುತ್ತದೆ. ಆ ದನಿಯೂ ಬಾರ್ಕರ್ ಅವರದ್ದೇ! ಶಿಕ್ಷೆ ಕೊಟ್ಟವರೂ ಅವರೇ, ತೆಗೆದುಕೊಂಡವರೂ ಅವರೇ.

ಮೊದಲ ಸರಣಿಯಲ್ಲಿ ‘ಎ ನೈಟ್ ಇನ್’ ಎಂಬ ಕಂತು ಇದೆ. ಹೆಚ್ಚೂಕಡಿಮೆ ಇಡೀ ಅರ್ಧ ಗಂಟೆ ಒಂದೇ ಸೆಲ್, ಇಬ್ಬರೇ ಜನ. ಹಳೇ ಕಳ್ಳ ಫ್ಲೆಚರ್, ಮೊದಲ ಸಲ ಜೈಲು ಕಂಡ ಹುಡುಗ ಗಾಡ್‌ಬರ್. ಹುಡುಗನ ಪಾತ್ರ ರಿಚರ್ಡ್ ಬೆಕಿನ್ಸೇಲ್ ಅವರದ್ದು. ಬಾಗಿಲು ಮುಚ್ಚಿದೆ, ರಾತ್ರಿ ಉದ್ದವಿದೆ, ಹುಡುಗನಿಗೆ ಉಸಿರು ಕಟ್ಟಿದಂತಾಗುತ್ತಿದೆ. ಫ್ಲೆಚರ್ ಗೊಣಗುತ್ತಾನೆ, ರೇಗಿಸುತ್ತಾನೆ, ತನ್ನ ಪಾಡಿಗೆ ಓದಲು ಬಿಡು ಅಂತಾನೆ. ಆ ಗೊಣಗಾಟದ ಅಡಿಯಲ್ಲಿ ಹುಡುಗನಿಗೆ ಧೈರ್ಯ ಹೇಳುತ್ತಿದ್ದಾನೆ ಅಂತ ನಮಗೆ ಮೆಲ್ಲಗೆ ತಿಳಿಯುತ್ತದೆ. ಬಾರ್ಕರ್ ಅದನ್ನು ಎಲ್ಲೂ ಎತ್ತಿ ತೋರಿಸುವುದಿಲ್ಲ. ಅಕ್ಕರೆಯ ಮಾತನ್ನೂ ಆಚೆ ಮುಖ ತಿರುಗಿಸಿ ಹೇಳುತ್ತಾರೆ. ಹಾಸ್ಯ ನಟರು ಕಣ್ಣೀರು ತರಿಸಲು ಹೊರಟಾಗ ಸಾಮಾನ್ಯವಾಗಿ ದನಿ ನಡುಗಿಸುತ್ತಾರೆ. ಇವರಿಗೆ ಅದರ ಅಗತ್ಯವೇ ಬರಲಿಲ್ಲ. ಬೆಕಿನ್ಸೇಲ್ 1979ರಲ್ಲಿ, ಬರೀ 31ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಜೋಡಿಯನ್ನು ಇವತ್ತು ನೋಡುವಾಗ ಹೊಟ್ಟೆ ಚುರುಕ್ ಅನ್ನುತ್ತದೆ.

ಇನ್ನೊಂದು ಸರಣಿ ‘ಓಪನ್ ಆಲ್ ಅವರ್ಸ್’. 1976ರಲ್ಲಿ ಶುರುವಾಗಿ, ನಡುವೆ ನಿಂತು, 1981ರಿಂದ 1985ರವರೆಗೆ ಮತ್ತೆ ಬಂತು. ಡಾನ್‌ಕಾಸ್ಟರ್‌ನ ಒಂದು ಮೂಲೆ ಅಂಗಡಿ, ಅದರ ಜುಗ್ಗ ಮಾಲೀಕ ಆರ್ಕ್‌ರೈಟ್ ಆಗಿ ಬಾರ್ಕರ್, ಅವನ ಅಕ್ಕತಂಗಿಯ ಮಗ ಗ್ರ್ಯಾನ್‌ವಿಲ್. ಸೋದರಳಿಯನಾಗಿ ಆಡಿದವರು ಡೇವಿಡ್ ಜೇಸನ್, ಮುಂದೆ ತಾವೇ ದೊಡ್ಡ ತಾರೆಯಾದವರು. ಬಾರ್ಕರ್‌ರನ್ನು ಅವರು ಗುರು ಅಂತಲೇ ಭಾವಿಸುತ್ತಿದ್ದರು. ಕೈ ಕಚ್ಚುವ ಹಾಗೆ ರಪ್ಪನೆ ಮುಚ್ಚಿಕೊಳ್ಳುವ ಹಳೇ ಗಲ್ಲಾಪೆಟ್ಟಿಗೆಯೂ ಆ ಅಂಗಡಿಯಲ್ಲಿ ಒಂದು ಪಾತ್ರ. ಆರ್ಕ್‌ರೈಟ್‌ನ ತೊದಲು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಹಿಂದೆ ರೆಪರ್ಟರಿಯಲ್ಲಿ ಜೊತೆಗಿದ್ದ ಗ್ಲೆನ್ ಮೆಲ್ವಿನ್ ಎಂಬ ನಟರಿಂದ ಕಲಿತದ್ದನ್ನು ಬಾರ್ಕರ್ ಸೇರಿಸಿದರು. ತಾಳದ ಮೇಲೆ ಅವರಿಗಿದ್ದ ಹಿಡಿತ ಅದರಲ್ಲಿ ಕಾಣುತ್ತದೆ, ಸರಿ. ಆದರೆ ತೊದಲುವವರನ್ನು ನಗೆಗೆ ಬಳಸಿಕೊಂಡದ್ದು ನನಗೆ ಇವತ್ತು ಒಪ್ಪಿಗೆಯಾಗುವುದಿಲ್ಲ. ‘ಟೂ ರೋನೀಸ್’ನಲ್ಲೂ ಹೆಂಗಸರ ಬಗ್ಗೆ ಮಾಡಿದ ಎಷ್ಟೋ ಜೋಕುಗಳು ಹಳಸಿವೆ. ಮಹಿಳೆಯರು ದೇಶ ಆಳಿದರೆ ಏನಾಗುತ್ತದೆ ಅಂತ ಹೆದರಿಸುವ 1980ರ ಒಂದು ಧಾರಾವಾಹಿ ಭಾಗವಂತೂ ನೋಡಲು ಕಷ್ಟ. ನಿಮ್ಮ ಸ್ಕಿಟ್‌ಗೆ ಅವರಿಂದ ಏನು ತೆಗೆದುಕೊಂಡರೂ ಇದನ್ನು ತೆಗೆದುಕೊಳ್ಳಬೇಡಿ.

ಬರಹಗಾರರಾಗಿ ಬಾರ್ಕರ್‌ಗೆ ಒಂದು ಮಿತಿಯೂ ಇತ್ತು. ಐದು ನಿಮಿಷದ ಸ್ಕಿಟ್‌ನಲ್ಲಿ ಅವರನ್ನು ಮೀರಿಸುವವರು ಕಡಿಮೆ. ಅರ್ಧ ಗಂಟೆಯ ಕಥೆ ತಾವೇ ಬರೆದಾಗ ಅದೇ ಬಿಗಿ ಉಳಿಯುತ್ತಿರಲಿಲ್ಲ. 1988ರಲ್ಲಿ ಬಂದ ‘ಕ್ಲಾರೆನ್ಸ್’ ಅವರ ಕೊನೆಯ ಹಾಸ್ಯ ಸರಣಿ. ಕಣ್ಣು ಮಂದವಾದ, ಮನೆ ಸಾಮಾನು ಸಾಗಿಸುವವನ ಕಥೆ. ಬಾಬ್ ಫೆರಿಸ್ ಎಂಬ ಮತ್ತೊಂದು ಹೆಸರಿನಲ್ಲಿ ಅವರೇ ಬರೆದದ್ದು. ಅಲ್ಲಲ್ಲಿ ಚೆನ್ನಾಗಿದೆ, ‘ಪಾರಿಜ್’ ಪಕ್ಕ ಇಡುವ ಹಾಗಿಲ್ಲ.

ಯಾಕೆ ಬಿಟ್ಟರು ಅಂತ ಕೇಳಿದಿರಿ. ಬಿಟ್ಟಾಗ ಅವರಿಗೆ 58. ಹೊಸ ಯೋಚನೆಗಳು ಬರುತ್ತಿಲ್ಲ, ಬರೆಯುವುದರ ಮಟ್ಟ ಇಳಿಯುತ್ತಿದೆ, ಇನ್ನು ಸಾಧಿಸಬೇಕು ಅನ್ನೋ ಹಸಿವಿಲ್ಲ, ಚೆನ್ನಾಗಿರುವಾಗಲೇ ಎದ್ದು ಹೋಗುವುದು ಒಳ್ಳೆಯದು. ಇವು ಅವರೇ ಕೊಟ್ಟ ಕಾರಣಗಳು. ಹೃದಯದ ಆರೋಗ್ಯದ ಚಿಂತೆಯೂ ಇತ್ತು. ಅದೇ ಸಮಯಕ್ಕೆ ಪೀಟರ್ ಹಾಲ್ ನ್ಯಾಷನಲ್ ಥಿಯೇಟರ್‌ನಲ್ಲಿ ಶೇಕ್ಸ್‌ಪಿಯರ್‌ನ ಫಾಲ್‌ಸ್ಟಾಫ್ ಪಾತ್ರಕ್ಕೆ ಕರೆದರು. ಅದನ್ನೂ ಒಲ್ಲೆ ಅಂದರು. ಹೆಂಡತಿ ಜಾಯ್ ಜೊತೆ ಆಕ್ಸ್‌ಫರ್ಡ್‌ಶೈರ್‌ನ ಚಿಪಿಂಗ್ ನಾರ್ಟನ್‌ನಲ್ಲಿ ಹಳೇ ವಸ್ತುಗಳ ಅಂಗಡಿ ತೆರೆದರು. ಹಳೇ ಪೋಸ್ಟ್‌ಕಾರ್ಡ್ ಕೂಡಿಸುವುದು ಅವರಿಗೆ ಮೊದಲಿನಿಂದಲೂ ಹುಚ್ಚು, ಅದರ ಬಗ್ಗೆ ಪುಸ್ತಕಗಳನ್ನೇ ತಂದಿದ್ದರು. ನನಗೆ ಇದು ವೈಲಿ ಪ್ರಸಂಗದ ಇನ್ನೊಂದು ಮುಖ ಅನಿಸುತ್ತದೆ. ಸ್ಕ್ರಿಪ್ಟ್ ತನ್ನ ಬಲದ ಮೇಲೆ ನಿಲ್ಲದಿದ್ದರೆ ಹೆಸರಿನ ಬಲದ ಮೇಲೆ ನಿಲ್ಲಿಸಬಾರದು ಅಂದುಕೊಂಡವರು, ತಮ್ಮ ಸ್ಕ್ರಿಪ್ಟ್ ಸೊರಗುತ್ತಿದೆ ಅಂತ ಅನಿಸಿದ ದಿನ ಪೆನ್ನು ಮುಚ್ಚಿದರು. ಅವರು ಮುಂದುವರಿಸಿದ್ದರೆ ಬಿಬಿಸಿ ಬೇಡ ಅನ್ನುತ್ತಿರಲಿಲ್ಲ. ಬೇಡ ಅನ್ನುವ ಕೆಲಸ ಅವರೇ ಮಾಡಬೇಕಿತ್ತು.

ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಒಂದೆರಡು ಸಲ ನಟನೆಗೆ ಮರಳಿದರು. 2002ರ ‘ದಿ ಗ್ಯಾದರಿಂಗ್ ಸ್ಟಾರ್ಮ್’ನಲ್ಲಿ ಚರ್ಚಿಲ್‌ರ ಮನೆಯ ಬಟ್ಲರ್ ಇಂಚಸ್. ಚರ್ಚಿಲ್ ಆದವರು ಆಲ್ಬರ್ಟ್ ಫಿನ್ನಿ. ಬಾರ್ಕರ್ ಇರುವ ದೃಶ್ಯಗಳು ಕಡಿಮೆ. ಟ್ರೇ ಹಿಡಿದು ಬಾಗಿಲಲ್ಲಿ ನಿಲ್ಲುವುದರಲ್ಲೇ ಎಷ್ಟೋ ವರ್ಷದ ಸೇವೆ, ಎಷ್ಟೋ ವರ್ಷದ ಮುನಿಸು ಎರಡೂ ಕಾಣುತ್ತವೆ. 2005ರಲ್ಲಿ ಕಾರ್ಬೆಟ್ ಜೊತೆ ಹಳೇ ಸ್ಕಿಟ್‌ಗಳನ್ನು ಪರಿಚಯಿಸುವ ಕಾರ್ಯಕ್ರಮ ಮಾಡಿಕೊಟ್ಟರು. ಅದೇ ವರ್ಷ ಅಕ್ಟೋಬರ್ 3ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡರು. 2006ರ ಮಾರ್ಚ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸ್ಮರಣೆಯ ಪ್ರಾರ್ಥನೆ ನಡೆಯಿತು. ಶಿಲುಬೆಯ ಜೊತೆ ಸಾಮಾನ್ಯವಾಗಿ ಎರಡು ಮೇಣದಬತ್ತಿ ಹಿಡಿದು ನಡೆಯುತ್ತಾರೆ. ಅವತ್ತು ನಾಲ್ಕು ಹಿಡಿದಿದ್ದರು. ನಿಮ್ಮ ಆಫೀಸಿನವರು ನಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಆ ಸ್ಕಿಟ್ ಅವರ ಮನೆಮಾತಾಗಿದೆ.

ಕೊನೆಯ ಪ್ರಶ್ನೆ, ನೀವು ಏನು ಕಲಿಯಬಹುದು. ಬಾರ್ಕರ್ ಮಾಡಿದ್ದನ್ನೇ ಒಮ್ಮೆ ಮಾಡಿ ನೋಡಿ. ನಿಮ್ಮ ಬಳಗದಲ್ಲಿ ನೀವೇ ಬರೆಯುವವರು, ಬಹುಶಃ ನೀವೇ ಸಂಘಟಿಸುವವರು. ನಿಮ್ಮ ಸ್ಕಿಟ್ ಚೆನ್ನಾಗಿಲ್ಲ ಅಂತ ನಿಮ್ಮ ಮುಖಕ್ಕೆ ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಮುಂದಿನ ಸಲ ಬರೆದದ್ದನ್ನು ಬೇರೆ ಊರಿನ ಗೆಳೆಯರ ಕೈಯಿಂದ ಕಳಿಸಿ. ‘ಪರಿಚಯದವರೊಬ್ಬರು ಬರೆದದ್ದು, ಓದಿ ನೋಡೋಣ’ ಅಂತ ತಾಲೀಮಿಗೆ ತನ್ನಿ. ನಿಮ್ಮವರು ಎಲ್ಲಿ ನಗುತ್ತಾರೆ, ಎಲ್ಲಿ ಪುಟ ತಿರುಗಿಸುತ್ತಾರೆ ಅಂತ ಸುಮ್ನೆ ಕೂತು ನೋಡಿ. ಕತ್ತರಿ ಎಲ್ಲಿ ಹಾಕಬೇಕು ಅಂತ ಅಲ್ಲೇ ತಿಳಿಯುತ್ತದೆ.

ಬರೆಯುವಾಗ ಪ್ರತಿ ಮಾತನ್ನೂ ಗಟ್ಟಿಯಾಗಿ ಓದಿ. ಬಾಯಿಗೆ ಬಾರದ ಮಾತು ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ ವೇದಿಕೆಯ ಮೇಲೆ ಬೀಳುತ್ತದೆ. ಪಾತ್ರಗಳು ತಾವು ತಮಾಷೆಯಾಗಿದ್ದೇವೆ ಅಂತ ತಿಳಿದಿರಬಾರದು. ಅವರಿಗೆ ಏನೋ ಒಂದು ನಿಜವಾಗಿ ಬೇಕಾಗಿರಲಿ. ಅದು ಬಟಾಣಿಯ ಡಬ್ಬಿಯಾದರೂ ಸರಿ.

ನೋಡುವುದಾದರೆ ಮೊದಲು ವರ್ಗದ ಸ್ಕಿಟ್, ಆಮೇಲೆ ‘ಫೋರ್ ಕ್ಯಾಂಡಲ್ಸ್’, ಆಮೇಲೆ ‘ಎ ನೈಟ್ ಇನ್’. ‘ಫೋರ್ ಕ್ಯಾಂಡಲ್ಸ್’ ಎರಡು ಸಲ ನೋಡಿ. ಮೊದಲ ಸಲ ನಗಲಿಕ್ಕೆ. ಎರಡನೆಯ ಸಲ ಕಾರ್ಬೆಟ್‌ರನ್ನು ಬಿಟ್ಟು, ಅವರು ಏಣಿ ಹತ್ತಿರುವಾಗ ಕೌಂಟರ್ ಈಚೆ ಬಾರ್ಕರ್ ಏನು ಮಾಡುತ್ತಿದ್ದಾರೆ ಅಂತ ಮಾತ್ರ ನೋಡಿ.